ಇಂದ್ರನ ಹಗ್ಗಕ್ಕೆ ಕಂಬಳಿ ಗಂಟು

ದೇವೇಂದ್ರನ ತೂಕ ಎಷ್ಟೆಂದು ಯಾವ ಪುರಾಣದಲ್ಲೂ ಬರೆದಿಲ್ಲ. ಬರೆದವರು ಯಾರೂ ಅವನನ್ನು ಎತ್ತಿದವರಲ್ಲ. ಗೋಕಾಕದ ಹೊಲಗೇರಿಯ ಭರಮವ್ವನಿಗೆ ಅದು ಗೊತ್ತಿತ್ತು. ಅಂಗೈ ಚರ್ಮ ಸುಲಿದು, ಮತ್ತೆ ಬಂದು, ಮತ್ತೆ ಸುಲಿದು ಗೊತ್ತಾಗಿತ್ತು.

ಸತ್ಯಪ್ಪನವರ ನಾಟಕ ಕಂಪನಿ ಆ ವರ್ಷ ಹುಕ್ಕೇರಿಯಲ್ಲಿ ಹೆಸರು ಮಾಡಿ, ಮೂಡಲಗಿಯಲ್ಲಿ ಇನ್ನಷ್ಟು ಮಾಡಿ, ಗೋಕಾಕಕ್ಕೆ ಬಂದು ತಗಡಿನ ಥಿಯೇಟರು ಹಾಕಿತ್ತು. ಆಟದ ಹೆಸರು ‘ನಿರಾಶ್ರಿತ ದೇವೇಂದ್ರ ಅರ್ಥಾತ್ ತಾರಕಾಸುರನ ಹಾವಳಿ’. ರಾಕ್ಷಸ ಸ್ವರ್ಗ ಕಸಿದುಕೊಳ್ಳುತ್ತಾನೆ. ಮನೆಮಠ ಕಳೆದುಕೊಂಡ ದೇವತೆಗಳು ವಿಮಾನ ಹತ್ತಿ, ಇಳಿಯಲು ಜಾಗ ಹುಡುಕುತ್ತ ಚುಕ್ಕಿಗಳ ನಡುವೆ ಅಲೆಯುತ್ತಾರೆ. ನಡುವಿನ ವಿಮಾನದಲ್ಲಿ ಇಂದ್ರ, ಎಡಕ್ಕೆ ವರುಣ, ಬಲಕ್ಕೆ ಅಗ್ನಿ. ಹಿಂದೆ ಕರಿ ಪರದೆಗೆ ಹೊಲಿದ ಬೇಗಡೆಯ ಚುಕ್ಕಿಗಳು. ಮೂರೂ ವಿಮಾನ ಒಟ್ಟಿಗೆ ಮೇಲೆದ್ದಾಗ ಜನ ಕೂತಲ್ಲಿಂದ ಎದ್ದು ನಿಲ್ಲುತ್ತಿದ್ದರು. ಇಂದ್ರ ಮೇಲೆ ಕೂತು ತನಗೆ ಯಾರೂ ಗತಿಯಿಲ್ಲವೆಂದು ಹಾಡಿದರೆ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಊರು ಬಿಟ್ಟವರು ಹೇಗಿರುತ್ತಾರೆಂದು ಭರಮವ್ವನಿಗೆ ಗೊತ್ತಿತ್ತು. ಪ್ಲೇಗಿನ ವರ್ಷ ಕೇರಿಗೆ ಕೇರಿಯೇ ಹೊಲಕ್ಕೆ ಹೋಗಿ ಬಿದ್ದಾಗ ಅವಳು ಅವ್ವನ ಕಂಕುಳಲ್ಲಿದ್ದ ಕೂಸು. ಅವ್ವ ಸಾಯುವತನಕ ಅದನ್ನೇ ಹೇಳುತ್ತಿದ್ದಳು. ಅವರ ತಲೆಯ ಮೇಲೆ ಕಿರೀಟ ಇರಲಿಲ್ಲ, ಗಡಿಗೆ ಇತ್ತು. ಬಾವಿಯ ಹತ್ತಿರ ಹೋದರೆ ಕಲ್ಲು ಬೀಳುತ್ತಿದ್ದವು. ಯಾರೂ ಹಾಡಲಿಲ್ಲ. ಯಾರೂ ಅವರನ್ನು ನೋಡಿ ಕಣ್ಣೊರೆಸಿಕೊಳ್ಳಲೂ ಇಲ್ಲ.

ವಿಮಾನವೆಂದರೆ ಒಂದು ಹಲಗೆ. ಮುಂದೆ ಬಿದಿರು ಮತ್ತು ಕಾಗದದ ಆನೆಮುಖ. ಹಲಗೆಯ ನಾಲ್ಕು ಮೂಲೆಯಿಂದ ಎದ್ದ ಹುರಿಗಳು ಮೇಲೆ ಒಂದು ಕಬ್ಬಿಣದ ಬಳೆಗೆ ಸೇರುತ್ತಿದ್ದವು. ಅಲ್ಲಿಂದ ದಪ್ಪ ಹಗ್ಗ ತೊಲೆಯ ರಾಟೆ ದಾಟಿ ಪರದೆಯ ಹಿಂದೆ ಇಳಿಯುತ್ತಿತ್ತು. ಹಿಂದೆ ಎದೆಯುದ್ದ ತೋಡಿದ ತಗ್ಗು. ತಗ್ಗಿನಲ್ಲಿ ಕೇರಿಯ ನಾಲ್ವರು. ಹಗ್ಗಕ್ಕೆಂದು ಕಂಪನಿ ಊರೂರಿಗೂ ಕರೆದೊಯ್ಯುತ್ತಿದ್ದದ್ದು ಗೋಕಾಕದ ಈ ಕೇರಿಯವರನ್ನೇ. ಇಂದ್ರನ ಹಗ್ಗಕ್ಕೆ ಭರಮವ್ವ ಮತ್ತು ಲಕ್ಕಪ್ಪ, ವರುಣನದಕ್ಕೆ ಯಲ್ಲಪ್ಪ, ಅಗ್ನಿಯದಕ್ಕೆ ಮಾಲಿಂಗಪ್ಪ. ಇವರ ನೆರಳು ಪರದೆಯ ಮೇಲೆ ಬೀಳಬಾರದೆಂದು ತಗ್ಗು ತೋಡಿಸಿದ್ದಾಗಿ ಸತ್ಯಪ್ಪ ಹೇಳುತ್ತಿದ್ದರು. ಬೇರೆ ಯಾರ ಮೇಲೂ ಬೀಳಬಾರದು ಅನ್ನುವುದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅಷ್ಟೇ.

ಈ ನಾಲ್ವರು ಆಟವನ್ನು ಮುಂದಿನಿಂದ ಒಮ್ಮೆಯೂ ನೋಡಿದವರಲ್ಲ. ಬಣ್ಣ ಹಚ್ಚಿಕೊಂಡ ಪಾತ್ರಧಾರಿಗಳ ಎದುರಿಗೆ ಇವರು ಬರುವಂತಿಲ್ಲ. ಬಣ್ಣ ತೊಳೆದ ಮೇಲೆ ಅವರು ಬಿಡಾರ ಬಿಟ್ಟು ಇತ್ತ ಬರುವವರಲ್ಲ. ಊರಿಂದ ಊರಿಗೆ ಹೋಗುವಾಗಲೂ ಹಗ್ಗ ಮತ್ತು ಹಗ್ಗದವರ ಬಂಡಿ ಬೇರೆ, ಎಲ್ಲಕ್ಕಿಂತ ಹಿಂದೆ. ಇಂದ್ರನ ಪಾತ್ರದ ಶಿದ್ಲಿಂಗಪ್ಪನ ಮುಖ ಇವರಿಗೆ ಗೊತ್ತಿರಲಿಲ್ಲ, ಭಾರ ಗೊತ್ತಿತ್ತು. ಮೊದಲ ಜಗ್ಗಿಗೇ ಲಕ್ಕಪ್ಪ ಹೇಳಿಬಿಡುತ್ತಿದ್ದ, "ಇವತ್ತ ಮಗಾ ಹೋಳಿಗಿ ಹೊಡದಾನ."

ಈಗ ಕಂಬಳಿಯ ಮಾತು. ಕೇರಿಯವರು ಹಿಡಿದ ಹಗ್ಗವನ್ನು ನೇರವಾಗಿ ಬಳೆಗೆ ಕಟ್ಟಿದರೆ ಇವರ ಮೈಲಿಗೆ ಹಗ್ಗದಗುಂಟ ಏರಿ, ರಾಟೆ ದಾಟಿ, ಹುರಿ ಇಳಿದು, ಕೊನೆಗೆ ದೇವೇಂದ್ರನ ಕುಂಡಿಗೆ ತಾಗುತ್ತದಲ್ಲ? ಮೊದಲ ತಾಲೀಮಿನಲ್ಲೇ ಶಿದ್ಲಿಂಗಪ್ಪ ಈ ತಕರಾರು ತೆಗೆದ. ಆಟ ಬರೆದುಕೊಟ್ಟ ಶಾಸ್ತ್ರಿಗಳು ಗಡ್ಡ ಕೆರೆದುಕೊಂಡು ಪರಿಹಾರ ಕೊಟ್ಟರು. ಉಣ್ಣೆಗೆ ಮೈಲಿಗೆ ಹತ್ತುವುದಿಲ್ಲ. ಹತ್ತದ ಮೇಲೆ ದಾಟುವುದೂ ಇಲ್ಲ. ಹೀಗಾಗಿ ಮೂರೂ ವಿಮಾನದ ಹಗ್ಗಕ್ಕೂ ಬಳೆಗೂ ನಡುವೆ ಮೊಳದುದ್ದದ ಕಂಬಳಿ ಪಟ್ಟಿ ಹೊಸೆದು ಗಂಟು ಹಾಕಿದರು. ಈ ಕಡೆ ಹೊಲಗೇರಿ, ಆ ಕಡೆ ಸ್ವರ್ಗ, ನಡುವೆ ಕುರಿಯ ಕೂದಲು. ಅದರ ಮೇಲೆ ಒಬ್ಬ ಮನುಷ್ಯನ ಜೀವ.

ಕುರಿ ತನ್ನ ಮೈ ಬೆಚ್ಚಗಿರಲೆಂದು ಕೂದಲು ಬೆಳೆಸುತ್ತದೆ. ಅದರಿಂದ ದೇವತೆಗಳನ್ನು ತೂಗುಹಾಕುತ್ತಾರೆಂದು ಅದಕ್ಕೇನು ಗೊತ್ತು. ಮೂಡಲಗಿಯಲ್ಲಿ ಕಂಬಳಿ ಹರಿಯಿತು. ಆಗ ಇಂದ್ರನ ಹಗ್ಗಕ್ಕೆ ಲಕ್ಕಪ್ಪನ ಹಿಂದೆ, ಗೂಟದ ಬದಿಗೆ ನಿಂತವನು ಭರಮವ್ವನ ಗಂಡ ಕೆಂಚಪ್ಪ. ವಿಮಾನ ಇಳಿಯುತ್ತ ನೆಲದಿಂದ ಮೊಣಕಾಲೆತ್ತರಕ್ಕೆ ಬಂದಿತ್ತು. ಇಂದ್ರ ಗಾದಿಯ ಮೇಲೆ ಬಿದ್ದ, ಕಿರೀಟ ಸೊಟ್ಟಾಯಿತು, ಜನ ಇದೂ ಆಟದಲ್ಲೇ ಇದೆ ಎಂದು ತಿಳಿದು ಚಪ್ಪಾಳೆ ಹೊಡೆದರು. ಹಿಂದೆ ಕೆಂಚಪ್ಪ ಮೈಯ ಬಲವನ್ನೆಲ್ಲ ಹಾಕಿ ಹಿಡಿದಿದ್ದ ಭಾರ ಒಮ್ಮೆಲೇ ಇಲ್ಲವಾಗಿ, ಬೆನ್ನಡಿಯಾಗಿ ಹಗ್ಗ ಸುತ್ತುವ ಗೂಟದ ಮೇಲೆ ಬಿದ್ದ. ನಡು ಮುರಿಯಿತು. ಅಂದಿನಿಂದ ಅವನು ಎದ್ದಿಲ್ಲ. ಮಗ್ಗುಲು ಬದಲಿಸಬೇಕಾದರೂ ಭರಮವ್ವನೇ ಬರಬೇಕು.

ಇಂದ್ರನಿಗೆ ಅರಿಷಿಣ ಹಾಕಿದ ಹಾಲು ಹೋಯಿತು. ಕೆಂಚಪ್ಪನಿಗೆ ಮಾತು ಬಂತು. ಸರಿಯಾಗಿ ಹಿಡಿಯದೆ ಬಿಟ್ಟನಂತೆ. ಕುಡಿದಿದ್ದನಂತೆ. ಹಗ್ಗ ಹರಿದಿರಲಿಲ್ಲ, ಹರಿದದ್ದು ಕಂಬಳಿ, ಅದನ್ನು ಎಲ್ಲರೂ ಕಂಡಿದ್ದರು. ಯಾರೂ ಅದರ ಹೆಸರೆತ್ತಲಿಲ್ಲ. ಮರುದಿನ ಹೊಸ ಕಂಬಳಿ ಬಂತು.

ಗಂಡ ಬಿಟ್ಟ ಹಗ್ಗವನ್ನು ಹೆಂಡತಿ ಹಿಡಿದಳು. ಮನೆಯಲ್ಲಿ ಒಲೆ ಉರಿಯಬೇಕಿತ್ತು, ಬೇರೆ ದಾರಿ ಇರಲಿಲ್ಲ. ಆಗ ಶಾಸ್ತ್ರಿಗಳಿಗೆ ಹೊಸ ಚಿಂತೆ ಹತ್ತಿತು. ಹೆಂಗಸು ಹಿಡಿದ ಹಗ್ಗ, ತಿಂಗಳ ಮುಟ್ಟಿನ ಗತಿ ಏನು? ಆಟವಿದ್ದ ದಿನವೆಲ್ಲ ತಗ್ಗಿನ ಹತ್ತಿರ ಆಳು ಕಳಿಸಿ, ಎಲ್ಲ ಗಂಡಸರ ಎದುರಿಗೆ, ಹೊರಗಾಗಿದ್ದೀಯೇನು ಎಂದು ಕೇಳಿಸತೊಡಗಿದರು. ಮೊದಲ ದಿನ ಭರಮವ್ವನಿಗೆ ನೆಲ ಬಿರಿದು ಒಳಗೆ ಹೋಗಬೇಕೆನ್ನಿಸಿತು. ಎರಡನೆಯ ದಿನ ಅವಳು ಬಾಯಿ ತೆಗೆದಳು.

"ಅದನ್ನ ಆಮ್ಯಾಲ ಕೇಳಾಕ ಹೇಳ. ಮೊದಲ ಇಂದ್ರಗ ಹೊಟ್ಟಿ ಝಾಡಸೇತೇನು ಕೇಳಿಕೊಂಡ ಬಾ. ಮ್ಯಾಲ ಕುಂಡ್ರಾಂವ ಅಂವ, ಕೆಳಗ ನಿಂದ್ರಾವ್ರು ನಾವು."

ಆಳು ಮತ್ತೆ ಬರಲಿಲ್ಲ. ಆದರೆ ಶಾಸ್ತ್ರಿಗಳು ಕಂಬಳಿ ಪಟ್ಟಿಯನ್ನು ಇನ್ನೊಂದು ಮೊಳ ಉದ್ದ ಮಾಡಿಸಿದರು.

ಹೆಣ್ಣುಮಕ್ಕಳಿಗೆಂದೇ ಒಂದು ಹಗಲಾಟ ಇಟ್ಟಿದ್ದರು. ವಾಡೆಯ ಗೌರಕ್ಕನವರು ಅಧ್ಯಕ್ಷಿಣಿ. ಮುಂದೆ ಅವರಿಗೆ ಖುರ್ಚಿ, ಅವರ ಹಿಂದೆ ವ್ಯಾಪಾರಸ್ತರ ಮನೆಯ ಹೆಂಗಸರಿಗೆ ಜಮಖಾನೆ, ಅದರ ಹಿಂದೆ ಗಿರಣಿಯ ಹೆಂಗಸರು ಮತ್ತು ಕಾಯಿಪಲ್ಯ ಮಾರುವವರಿಗೆ ಬರಿ ನೆಲ. ಕೇರಿಯ ಹೆಂಗಸರಿಗೆ ತಗಡಿನ ಹೊರಗೆ, ಕಿವಿಗೆ ಬಿದ್ದಷ್ಟು ಆಟ. ಬಿಸಿಲಿಗೆ ತಗಡು ಕಾದು ಹಂಚಾಗಿತ್ತು. ತಗ್ಗಿನೊಳಗೆ ಉಸಿರಾಡಿದರೆ ಮೂಗು ಸುಡುತ್ತಿತ್ತು.

ಆಟ ಶುರುವಾಗುವ ಮೊದಲು ಭರಮವ್ವ ಇಂದ್ರನ ವಿಮಾನ ನೋಡಿದಳು. ಕಂಬಳಿ ಪಿಸಿದಿತ್ತು. ಗಂಟಿನ ಹತ್ತಿರ ಎಳೆಗಳು ಬಿಟ್ಟು ಇಲಿ ಬಾಲದ ಹಾಗೆ ಜೋತುಬಿದ್ದಿದ್ದವು. ಅವಳ ಕಣ್ಣಿಗೆ ಕೆಂಚಪ್ಪನ ನಡು ಬಂತು, ಹುಣ್ಣಾದ ಅವನ ಬೆನ್ನು ಬಂತು. ಇವತ್ತು ಇದು ಹರಿದರೆ ಅದೇ ಗೂಟ, ಬೀಳುವ ಬೆನ್ನು ತನ್ನದು, ಇಲ್ಲವೇ ಲಕ್ಕಪ್ಪನದು. ತನ್ನ ಬೆನ್ನು ಹೋದರೆ ಕೆಂಚಪ್ಪನ ಮಗ್ಗುಲು ಬದಲಿಸುವವರು ಯಾರು? ಅವಳು ಸೀದಾ ಮಾಲಕರ ಹತ್ತಿರ ಹೋದಳು.

ಸತ್ಯಪ್ಪನವರ ಹಣೆಯ ಮೇಲೆ ಮೂರು ಬೆರಳ ವಿಭೂತಿ, ಅದರ ಮೇಲೆ ಗಾಂಧಿ ಟೊಪ್ಪಿಗೆ. ಎರಡೂ ಬೆಳ್ಳಗಿದ್ದವು.

"ಮಾಲಕರ, ಕಂಬಳಿ ಹರಿಯಾಕ ಬಂದೈತ್ರಿ. ತಗಸ್ರಿ. ಹಗ್ಗ ಸೀದಾ ಬಳಿಗೇ ಕಟ್ಟೂಣು."

"ನಾಳಿ ಹೊಸಾ ಕಂಬಳಿ ಹಾಕಸ್ತೇನಿ ಹೋಗ."

"ಹೊಸಾದೂ ಹರೀತೈತ್ರಿ. ಕಂಬಳಿ ಹೊಚಗೊಳ್ಳಾಕ ಇರೂದ್ರಿ, ಮಂದೀನ ತೂಗ ಹಾಕಾಕಲ್ಲ."

ಸತ್ಯಪ್ಪನವರು ದನಿ ಮೆತ್ತಗೆ ಮಾಡಿದರು. ಅವರ ದನಿ ಮೆತ್ತಗಾದಾಗ ಹುಷಾರಾಗಿರಬೇಕು ಎಂದು ಕಂಪನಿಯಲ್ಲಿ ಎಲ್ಲರಿಗೂ ಗೊತ್ತು. "ನೋಡ ಭರಮವ್ವ, ನಾವು ಬಸವಣ್ಣನವರ ಮಂದಿ. ನನ್ನ ಮನಸಿನ್ಯಾಗ ಭೇದ ಇಲ್ಲ. ಖರೆ ಶಿದ್ಲಿಂಗಪ್ಪ ಕೇಳಬೇಕಲ್ಲ? ಕಂಬಳಿ ಇಲ್ಲಂದ್ರ ಹಲಗಿ ಮ್ಯಾಲ ಕೂಡಾಂಗಿಲ್ಲ ಅಂತಾನ. ನೋಡಾಕ ಬಂದ ಮಂದಿ ಒಪ್ಪಬೇಕಲ್ಲ?"

"ನಿಮ್ಮ ಮನಸಿನ್ಯಾಗ ಇಲ್ಲ, ಅವರ ಮನಸಿನ್ಯಾಗ ಐತಿ. ನಡಾ ಯಾಕ್ರಿ ನಮ್ಮದು ಮುರೀಬೇಕು?"

"ನಿನ್ನ ಗಂಡ ಕುಡದ ಬಿದ್ದ. ಅದಕ್ಕ ಕಂಬಳಿಗಿ ಬೈತಿಯೇನ? ಗೌರಕ್ಕನವರು ಬಂದ ಕುಂತಾರ. ನಡಿ, ತಗ್ಗಿನ್ಯಾಗ ಇಳಿ."

ಅವಳು ಇಳಿದಳು. ಕೆಂಚಪ್ಪ ಜನ್ಮದಲ್ಲಿ ಹೆಂಡ ಮುಟ್ಟಿದವನಲ್ಲ. ನಡು ಕಳೆದುಕೊಂಡವನ ಮಾನವನ್ನೂ ಕಳೆದರಲ್ಲ ಇವರು ಎಂದು ಅವಳಿಗೆ ಸಿಟ್ಟು ಬಂದಿತ್ತು. ನಡೆದ ಮಾತನ್ನು ಮೂವರಿಗೂ ಹೇಳಿದಳು.

"ಹಂಗಾರ ಹಗ್ಗ ಮುಟ್ಟೂದ ಬ್ಯಾಡ, ಸುಮ್ಮ ಕೂಡೂಣು" ಅಂದ ಯಲ್ಲಪ್ಪ.

"ಈಗ ಕೂತ್ರ ನಮ್ಮನ್ನ ಹೊರಗ ಹಾಕಿ ಸಂಜೀಕ ಬ್ಯಾರೆ ಕೇರಿ ಮಂದೀನ ತರ್ತಾರ. ಅವರ ನಡಾ ಮುರೀತೈತಿ. ಮೊದಲ ಏರಸೂಣು. ಮೂರೂ ದೇವರನ್ನ ಮ್ಯಾಲ ಏರಿಸಿ, ಹಗ್ಗ ಗೂಟಕ್ಕ ಸುತ್ತಿ, ಆಮ್ಯಾಲ ಕೂಡೂಣು" ಅಂದಳು ಭರಮವ್ವ.

ಲಕ್ಕಪ್ಪ ತಲೆ ಕೊಡವಿದ. "ಕೆಲಸಾ ಹೋಗತೈತಬೇ."

"ನಡಾ ಹೋಗೂದಕ್ಕಿಂತ ಕೆಲಸಾ ಹೋಗೂದ ಬೇಶಿ ಎಣ್ಣಾ. ಹಗ್ಗ ಗೂಟಕ್ಕ ಇದ್ದಾಗ ಕಂಬಳಿ ಹರದ್ರ ಬೀಳಾಂವ ಯಾರ, ಹೇಳ ನೋಡೂಣು?"

ಲಕ್ಕಪ್ಪ ಯೋಚಿಸಿದ. ಅವನ ಮುಖದ ಮೇಲೆ ನಿಧಾನಕ್ಕೆ ನಗು ಹರಡಿತು. ಇಷ್ಟು ದಿನ ಕಂಬಳಿ ಹರಿದರೆ ಎರಡೂ ತುದಿಯವರು ಬೀಳುತ್ತಿದ್ದರು, ಆದರೆ ಗಾದಿ ಒಂದೇ ತುದಿಗಿತ್ತು. ಈಗ ಈ ತುದಿಯವರು ಬೀಳುವ ಪ್ರಶ್ನೆಯೇ ಇಲ್ಲ.

ಕಾಲ್ಪೆಟ್ಟಿಗೆಯ ಸಂಗೀತ ಶುರುವಾಯಿತು. ತಾರಕಾಸುರ ಗದೆ ತಿರುಗಿಸಿ ಸ್ವರ್ಗ ಕಸಿದುಕೊಂಡ. ದೇವತೆಗಳು ಅಳುತ್ತ ವಿಮಾನ ಹತ್ತಿದರು. ತಗ್ಗಿನಲ್ಲಿ ನಾಲ್ವರು ಹಗ್ಗಕ್ಕೆ ಬಿದ್ದರು. ಕಾಲು ಮಣ್ಣಿಗೆ ಊರಿ, ಬೆನ್ನು ಬಗ್ಗಿಸಿ, ಹಲ್ಲು ಕಚ್ಚಿ ಜಗ್ಗಿದರು. ಬೆವರು ಕಣ್ಣಿಗಿಳಿದು ಉರಿಯಿತು. ಒರೆಸಿಕೊಳ್ಳಲು ಕೈ ಬಿಡುವಂತಿರಲಿಲ್ಲ. ಮೂರು ವಿಮಾನ ಎರಡಾಳೆತ್ತರ ಏರಿ ಬೇಗಡೆ ಚುಕ್ಕಿಗಳ ನಡುವೆ ನಿಂತವು. ಮುಂದೆ ಚಪ್ಪಾಳೆ ಬಿತ್ತು.

ಹಿಂದೆ ನಾಲ್ವರೂ ಹಗ್ಗವನ್ನು ಗೂಟಕ್ಕೆ ಸುತ್ತಿ ಬಿಗಿದರು. ತಗ್ಗು ಹತ್ತಿ ಅಂಚಿನ ಮೇಲೆ ಕೂತರು. ಭರಮವ್ವ ರೊಟ್ಟಿ ಗಂಟು ಬಿಚ್ಚಿದಳು. ರೊಟ್ಟಿ, ಪುಂಡಿಪಲ್ಯ, ಉಳ್ಳಾಗಡ್ಡಿ. ಆಟದ ನಡುವೆ ಕೂತು ಉಂಡದ್ದು ಅವರ ಬಾಳಿನಲ್ಲಿ ಅದೇ ಮೊದಲು. ಯಲ್ಲಪ್ಪ ಉಳ್ಳಾಗಡ್ಡಿಯನ್ನು ಮುಷ್ಟಿಯಿಂದ ಗುದ್ದಿ ಒಡೆದ.

ಇಂದ್ರ ಹಾಡು ಮುಗಿಸಿದ. ಇನ್ನು ಇಳಿಯಬೇಕು. ಇಳಿಸಲು ಗುರುತಿನ ಮಾತೊಂದಿತ್ತು. "ಭೂಮಾತೆಯೇ, ಆಶ್ರಯ ಕೊಡು" ಅಂದ. ಭೂಮಾತೆ ರೊಟ್ಟಿ ಮುರಿಯುತ್ತಿದ್ದಳು. ಇನ್ನೊಮ್ಮೆ ಅಂದ. ಪೆಟ್ಟಿಗೆಯವನು ಅದೇ ಸ್ವರವನ್ನು ಮತ್ತೆ ಮತ್ತೆ ಬಾರಿಸಿದ. ಮೂರನೆಯ ಸಲ ಇಂದ್ರನ ದನಿಯಲ್ಲಿ ದೇವರು ಕಡಿಮೆಯಾಗಿ ಗೋಕಾಕ ಹೆಚ್ಚಾಯಿತು. "ಏ, ಇಳಸ್ರಲೇ ಯಾರದೀರಿ ಅಲ್ಲಿ!" ನೆಲದ ಮೇಲೆ ಕೂತ ಹೆಂಗಸರಿಗೆ ನಗು ತಡೆಯಲಾಗಲಿಲ್ಲ.

ಸತ್ಯಪ್ಪನವರು ಹಿಂದಕ್ಕೆ ಓಡಿ ಬಂದರು. ನಾಲ್ವರು ಊಟ ಮಾಡುತ್ತಿದ್ದುದನ್ನು ಕಂಡು ಗೂಟದತ್ತ ಬೆರಳು ತೋರಿಸಿದರು.

"ಇಳಸ್ರಿ."

"ಇಳಸಾಂಗಿಲ್ರಿ" ಅಂದಳು ಭರಮವ್ವ.

"ಚರ್ಮಾ ಸುಲೀತೇನಿ."

"ಅಂಗೈದ ನಿಮ್ಮ ಹಗ್ಗಾನ ಸುಲದೈತ್ರಿ. ಉಳದದ್ದ ನೀವು ಸುಲೀರಿ. ಆಮ್ಯಾಲ ಯಾರ ಇಳಸ್ತಾರ ನೋಡಿಕೋರಿ."

ಸತ್ಯಪ್ಪನವರು ಕಂಪನಿಯ ಗಂಡಸರನ್ನು ಕೂಗಿದರು. ಗಂಡಸರಿಗೇನು ಬರವಿರಲಿಲ್ಲ. ತಾರಕಾಸುರ ಬಂದ, ಪರದೆಗೆ ಬಣ್ಣ ಬರೆಯುವವನು ಬಂದ, ಅಡುಗೆಯವನು ಸೌಟು ಹಿಡಿದೇ ಬಂದ. ಹಗ್ಗ ಅಲ್ಲೇ ಇತ್ತು. ಗೂಟದಿಂದ ಬಿಚ್ಚಿ, ಹಿಡಿದು, ಮೆಲ್ಲಗೆ ಬಿಟ್ಟರೆ ಆಯಿತು. ಆದರೆ ಅದು ಕೇರಿಯವರು ಹಿಡಿದ ಹಗ್ಗ. ಹುಕ್ಕೇರಿಯಿಂದ ಇಲ್ಲಿಯತನಕ ಅವರ ಬೆವರು ಕುಡಿದ ಹಗ್ಗ. ಕಂಬಳಿಯ ಈಚೆಗಿನ ಹಗ್ಗ. ಎಲ್ಲರೂ ಅದನ್ನು ಹಾವು ನೋಡಿದ ಹಾಗೆ ನೋಡಿದರು.

"ಏ ತಾರಕಾಸುರ, ಹಿಡಿಯೋ" ಅಂದರು ಸತ್ಯಪ್ಪ.

ಮೂರು ಲೋಕ ಗೆದ್ದವನು ಮೀಸೆ ಸರಿಮಾಡಿಕೊಂಡ. "ನನಗ ಮುಂದಿನ ಪ್ರವೇಶ ಐತ್ರಿ. ಈಗ ಜಳಕಾ ಮಾಡಿದ್ರ ಬಣ್ಣ ಹೋಗತೈತಿ."

"ನೀ ಹಿಡಿಯೋ" ಎಂದು ಅಡುಗೆಯವನಿಗೆ ಹೇಳಿದರು.

"ನಾ ಮುಟ್ಟಿದ್ರ ನಾ ಮಾಡಿದ ಅಡಗಿ ಯಾರ ಉಣ್ತೀರ್ರಿ?"

"ಮಾಲಕರ, ನಿಮ್ಮ ಮನಸಿನ್ಯಾಗ ಭೇದ ಇಲ್ಲಲ್ಲ" ಎಂದು ಭರಮವ್ವ ನೆನಪು ಮಾಡಿಕೊಟ್ಟಳು. "ನೀವ ಹಿಡೀರಿ."

ಸತ್ಯಪ್ಪನವರು ಕೈ ಮುಂದೆ ಮಾಡಿದರು. ಹಗ್ಗದ ಹತ್ತಿರ ಹೋದ ಕೈ ಅಲ್ಲೇ ನಿಂತಿತು. ಆ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಟೊಪ್ಪಿಗೆ ಸರಿಮಾಡಿಕೊಂಡರು. ಲಕ್ಕಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಒಬ್ಬ ಧಣಿಯ ಮುಖ ನೋಡುತ್ತ ನಕ್ಕದ್ದು ಅವನಿಗೂ ಹೊಸದು, ಸತ್ಯಪ್ಪನವರಿಗೂ ಹೊಸದು. ಸಿಟ್ಟಿಗೆದ್ದ ಅವರು ಕಾಲಿನ ಜೋಡು ತೆಗೆದು ಅವನ ಮೇಲೆ ಬೀಸಿ ಒಗೆದರು. ಹೊಡೆಯುವುದಾದರೂ ಮುಟ್ಟದೆ ಹೊಡೆಯಬೇಕಲ್ಲ. ಜೋಡು ಲಕ್ಕಪ್ಪನ ಹಣೆಗೆ ಬಡಿದು ರಕ್ತ ಬಂತು. ಅವನು ನಗು ನಿಲ್ಲಿಸಿದ. ಎದ್ದು ಗೂಟದ ಮುಂದೆ ನಿಂತ. ಯಲ್ಲಪ್ಪ ಮತ್ತು ಮಾಲಿಂಗಪ್ಪ ಅವನ ಎಡಬಲಕ್ಕೆ ನಿಂತರು. ಈಗ ಹಗ್ಗಕ್ಕೆ ಹೋಗಬೇಕೆಂದರೆ ಮೂರು ಜನರನ್ನು ಮುಟ್ಟಬೇಕಿತ್ತು. ಯಾರೂ ಹೆಜ್ಜೆ ಮುಂದಿಡಲಿಲ್ಲ.

ಭರಮವ್ವ ಕೈ ಝಾಡಿಸಿಕೊಂಡು ಎದ್ದಳು. ಕರಿ ಪರದೆ ಸರಿಸಿ ರಂಗದ ಮೇಲೆ ಬಂದಳು.

ಗ್ಯಾಸಿನ ಬತ್ತಿಗಳ ಬೆಳಕಿಗೆ ಅವಳ ಕಣ್ಣು ಕೋರೈಸಿದವು. ಎದುರಿಗೆ ಒಂದು ಊರಿನಷ್ಟು ಹೆಂಗಸರು. ಮೇಲೆ ಮೂವರು ಪುಕ್ಕಟೆ ತೂಗಾಡುತ್ತಿದ್ದರು.

"ಯಾರಬೇ ನೀ?" ಗೌರಕ್ಕನವರು ಖುರ್ಚಿಯಿಂದಲೇ ಕೇಳಿದರು. "ಯಾಕ ಇಳಸವಲ್ರಿ ಅವರನ್ನ?"

"ಇವರನ್ನ ಎತ್ತೂ ಮಂದಿ ರೀ ಅವ್ವಾರ ನಾವು. ವಿಮಾನ ಮಂತ್ರಕ್ಕ ಹಾರೂದಿಲ್ಲ. ಹಿಂದ ತಗ್ಗಿನ್ಯಾಗ ನಾವು ಜಗ್ಗತೇವಿ." ಅವಳು ಮೇಲೆ ತೂಗಾಡುತ್ತಿದ್ದವರತ್ತ ಕೈ ಮಾಡಿದಳು. "ನಾವು ಹಿಡದ ಹಗ್ಗದ ಮೈಲಿಗಿ ಇವರಿಗಿ ಹತ್ತಬಾರದಂತ ನಡುವ ಕಂಬ್ಳಿ ಕಟ್ಯಾರ. ಮೂಡಲಗ್ಯಾಗ ಕಂಬ್ಳಿ ಹರೀತು. ಇಂದ್ರ ಗಾದಿ ಮ್ಯಾಲ ಬಿದ್ದ. ನನ್ನ ಗಂಡ ಗೂಟದ ಮ್ಯಾಲ ಬಿದ್ದ. ನಡಾ ಹೋತು. ಈಗ ಉಚ್ಚಿ ಹೊಯ್ಯಾಕೂ ನಾ ಎತ್ತಬೇಕು. ಇವತ್ತ ಈ ಕಂಬ್ಳೀನೂ ಹರಿಯಾಕತ್ತೈತಿ. ತಗೀರಿ ಅಂದ್ರ ತಗ್ಯಾಂಗಿಲ್ಲ ಅಂತಾರ."

"ಅದಕ್ಕ ಏನ ಮಾಡಂತಿ?"

"ನಾ ಏನೂ ಬೇಡೂದಿಲ್ರಿ. ಕಂಬ್ಳಿ ಮ್ಯಾಲ ಹಗ್ಗ ಐತಿ. ಎದ್ದ ನಿಂತ ಕೈ ಎತ್ತಿದ್ರ ಸಿಗತೈತಿ. ಅದನ್ನ ಇವರು ಹಿಡೀಲಿ. ಹಿಡದವರನ್ನ ಇಳಸ್ತೇವಿ. ಹಿಡಿಯದವರು ಅಲ್ಲೇ ಇರಲಿ, ಸ್ವರ್ಗ ಹೆಂಗೂ ಮ್ಯಾಲ ಐತಿ."

ಹಿಂದಿನ ಸಾಲುಗಳಲ್ಲಿ ನಗು ಭುಗಿಲೆದ್ದಿತು. ಹೊರಗೆ ಕೇರಿಯ ಹೆಂಗಸರು ತಗಡು ಬಡಿದರು. ಮುಂದಿನ ಸಾಲು ಗೌರಕ್ಕನವರ ಮುಖ ನೋಡಿತು.

ಮೊದಲು ಹಿಡಿದವನು ವರುಣ. ಆ ಪಾತ್ರದ ಅಪ್ಪಣ್ಣ ಕಡ್ಡಿಯಂಥ ಹುಡುಗ, ಎತ್ತರವೆಂದರೆ ಮೊದಲೇ ತಲೆ ತಿರುಗುತ್ತಿತ್ತು. ಎರಡೂ ಕೈಯಿಂದ ಹಗ್ಗ ಅವುಚಿಕೊಂಡು, "ಹಿಡದೇನಿ ನೋಡಬೇ ಯಕ್ಕಾ, ಇಳಸ" ಅಂದ. ಯಲ್ಲಪ್ಪ ಅವನನ್ನು ತೊಟ್ಟಿಲ ಕೂಸಿನಂತೆ ಇಳಿಸಿದ. ಅಗ್ನಿ ಅತ್ತಿತ್ತ ನೋಡಿ, ಉಪರಣೆ ಅಂಗೈಗೆ ಸುತ್ತಿಕೊಂಡು ಹಿಡಿದ. ಭರಮವ್ವ ಹಾಗಲ್ಲವೆಂದು ತಲೆಯಾಡಿಸಿದಳು. ಅವನು ಉಪರಣೆ ಬಿಟ್ಟು ಬರಿಗೈಯಲ್ಲಿ ಹಿಡಿದ. ಅವನೂ ಇಳಿದ.

ಇಂದ್ರ ಒಬ್ಬನೇ ಉಳಿದ.

"ನಾ ಮುಟ್ಟಾಂಗಿಲ್ಲ" ಅಂದ ಶಿದ್ಲಿಂಗಪ್ಪ. "ಮುಟ್ಟಿದ್ರ ನಾಳಿ ನನ್ನ ಯಾರ ಒಳಗ ಕರೀತಾರ?"

"ನಮ್ಮನ್ನ ಇಲ್ಲೀತನ ಯಾರೂ ಕರದಿಲ್ರಿ. ಸತ್ತಿಲ್ಲ ನಾವು."

ಅಷ್ಟರಲ್ಲಿ ಕಂಬಳಿಯ ಒಂದು ಎಳೆ ಕಿತ್ತಿತು. ಹಲಗೆ ಒಂದು ಪಕ್ಕಕ್ಕೆ ವಾಲಿತು. ಕಾಗದದ ಆನೆಮುಖ ಕಳಚಿ ಕೆಳಗೆ ಬಿತ್ತು. ಇನ್ನೊಂದು ಎಳೆ ಬಿಟ್ಟಿತು. ಶಿದ್ಲಿಂಗಪ್ಪ ಮೇಲೆ ನೋಡಿದ, ಕೆಳಗೆ ನೋಡಿದ, ಗೌರಕ್ಕನವರನ್ನು ನೋಡಿದ. ಗೌರಕ್ಕನವರು ತಲೆ ಅಡ್ಡ ಆಡಿಸಿದರು, ಮುಟ್ಟಬೇಡ ಎನ್ನುವ ಹಾಗೆ. ಖುರ್ಚಿಯ ಮೇಲೆ ಕೂತವರಿಗೆ ಹಾಗೆ ಹೇಳುವುದು ಸುಲಭ. ಕಂಬಳಿ ಟರ್‍ರೆಂದಿತು. ದೇವೇಂದ್ರ ಎದ್ದು ನಿಂತು ಎರಡೂ ಕೈಯಿಂದ ಹಗ್ಗ ಹಿಡಿದ. ಅವನು ಹಿಡಿಯುವುದಕ್ಕೂ ಹಲಗೆ ಕಾಲಡಿಯಿಂದ ಕಳಚಿ ಬೀಳುವುದಕ್ಕೂ ಸರಿಹೋಯಿತು. ಕಿರೀಟ ಉರುಳಿತು. ಪೀತಾಂಬರ ಸಡಿಲಾಗಿ ಒಳಗಿನ ಪಟ್ಟಾಪಟ್ಟಿ ಚಡ್ಡಿ ಮೂರು ಲೋಕಕ್ಕೂ ಕಂಡಿತು. ಅವನು ಕಾಲು ಬಡಿಯುತ್ತ ಅರಚಿದ, "ಯವ್ವಾ, ಬಿಡಬ್ಯಾಡ್ರಬೇ!"

ಭರಮವ್ವ ಓಡಿ ತಗ್ಗಿಗೆ ಹಾರಿದಳು. ಅವಳೂ ಲಕ್ಕಪ್ಪನೂ ಹಗ್ಗ ಬಿಚ್ಚಿ ಹಿಡಿದರು. ಬಿಟ್ಟುಬಿಡಬಹುದಿತ್ತು. ಒಂದು ಗಳಿಗೆ ಅವಳ ಬೆರಳು ಸಡಿಲಾಗಲು ನೋಡಿದ್ದೂ ಖರೆ. ಲಕ್ಕಪ್ಪ ಅವಳ ಮುಖ ನೋಡಿದ. ಅವಳು ಹಗ್ಗ ಬಿಗಿಹಿಡಿದಳು. ಮೊಳ ಮೊಳವಾಗಿ ಇಳಿಸಿದರು.

ಗೌರಕ್ಕನವರು ಸೆರಗು ಒಟ್ಟುಮಾಡಿಕೊಂಡು, ಯಾರನ್ನೂ ಸೋಕದಂತೆ ಹೊರಗೆ ನಡೆದರು. ಜಮಖಾನೆ ಅವರ ಹಿಂದೆ ಎದ್ದಿತು. ನೆಲದ ಮೇಲಿನವರು ಮಾತ್ರ ಕೂತೇ ಇದ್ದರು. ಇಂಥ ಆಟ ಮತ್ತೆ ಸಿಗುತ್ತದೋ ಇಲ್ಲವೋ.

ಶಾಸ್ತ್ರಿಗಳು ಅಲ್ಲೇ ಕೂತು ಶಾಸ್ತ್ರ ತಿರುವಿದರು. ಇವರಿಲ್ಲದೆ ಆಟ ನಡೆಯುವುದಿಲ್ಲ, ಕಂಬಳಿ ಇದ್ದರೆ ಇವರು ಹಗ್ಗ ಮುಟ್ಟುವುದಿಲ್ಲ ಎಂದು ಗೊತ್ತಾದ ಮೇಲೆ ಶಾಸ್ತ್ರ ಬಹಳ ಬೇಗ ದಾರಿ ಬಿಟ್ಟುಕೊಟ್ಟಿತು. ರಂಗದ ಮೇಲಿನ ಹಗ್ಗಕ್ಕೆ ನಾಳೆಯಿಂದ ಮೈಲಿಗೆ ಇಲ್ಲ. ಆದರೆ ಇವತ್ತು ಮುಟ್ಟಿದ್ದಕ್ಕೆ ಇದೆ. ಬೆಳಗಿನ ಜಾವ ಘಟಪ್ರಭೆಯಲ್ಲಿ ಮಿಂದು ಶುದ್ಧಿಯಾಗುವತನಕ ಮೂವರು ದೇವತೆಗಳು ಬಿಡಾರದ ಹೊರಗೇ ಇರತಕ್ಕದ್ದು.

ಅಪ್ಪಣ್ಣನಿಗೆ ಇದರ ಖಬರೇ ಇರಲಿಲ್ಲ. ಯಲ್ಲಪ್ಪನ ಪಕ್ಕ ಕೂತು ಪುಂಡಿಪಲ್ಯ ಬಡಿಯುತ್ತಿದ್ದ. ಅಗ್ನಿ ಎಲ್ಲಿಯೋ ಮಾಯವಾಗಿದ್ದ. ಶಿದ್ಲಿಂಗಪ್ಪ ತಗಡಿನ ನೆರಳಿಗೆ ನಿಂತು ನೀರು ಕೇಳಿದ. ನಿನ್ನೆಯವರೆಗೆ ಬೆಳ್ಳಿ ಲೋಟದಲ್ಲಿ ಕೊಡುತ್ತಿದ್ದ ಅಡುಗೆಯವನು ಬಿಂದಿಗೆ ತಂದು, ಎತ್ತರ ಹಿಡಿದು, ಅವನ ಬೊಗಸೆಗೆ ಸುರಿದ. ಬೊಗಸೆ ನೀರು ಕುಡಿಯುವುದು ಶಿದ್ಲಿಂಗಪ್ಪನಿಗೆ ಬರುತ್ತಿರಲಿಲ್ಲ. ನೀರು ಮುಂಗೈಗುಂಟ ಇಳಿದು ತೋಳಿನ ಬಣ್ಣವೆಲ್ಲ ಹರಿಯಿತು.

"ಮೊಣಕೈ ಎತ್ತಿ ಹಿಡೀರಿ" ಅಂದಳು ಭರಮವ್ವ. "ಇಲ್ಲಂದ್ರ ಬಾಯಿಗಿ ಬರೂದು ಕಂಕಳಕ್ಕ ಹೋಗತೈತಿ."

ಅವನು ಮೊಣಕೈ ಎತ್ತಿದ. ಕುಡಿದ. ಅಂಗೈ ನೋಡಿಕೊಂಡ. ಒಂದೇ ಸಲಕ್ಕೆ ಸುಲಿದು ಕೆಂಪಾಗಿದ್ದವು.

"ಮೂಡಲಗ್ಯಾಗ ಹಿಂದ ಒಬ್ಬಾಂವ ಬಿದ್ದ ಅಂದಿದ್ರು" ಅಂದ. "ಕುಡದಿದ್ದ ಅಂದ್ರು."

"ಯಾರ ಅಂದ್ರು ಅವರ್‍ನ ಕೇಳಬ್ಯಾಡ್ರಿ. ಬಿದ್ದಾಂವನ್ನ ಕೇಳ್ರಿ. ಹೆಂಗೂ ಇವತ್ತ ಹೊರಗ ಅದೀರಿ, ಕೇರಿ ದಾರಿ ನಿಮಗ ಅಡ್ಡಿ ಇಲ್ಲ."

ಅವನು ಬರುತ್ತಾನೆಂದು ಅವಳು ತಿಳಿದಿರಲಿಲ್ಲ. ನಾಲ್ಕು ಹೆಜ್ಜೆ ಹೋಗಿ ತಿರುಗಿದರೆ, ಜರತಾರಿ ಅಂಗಿಯಲ್ಲಿ, ಬರಿಗಾಲಲ್ಲಿ, ಹಿಂದೆ ಬರುತ್ತಿದ್ದ. ಕೇರಿಯ ನಾಯಿಗಳು ಅವನನ್ನು ಕಂಡು ಬೊಗಳಿದವು. ಹೆಂಗಸರು ಬಾಗಿಲಿಗೆ ಬಂದರು. ಯಾರೂ ಕೈ ಮುಗಿಯಲಿಲ್ಲ.

ಗುಡಿಸಲಿನಲ್ಲಿ ಕೆಂಚಪ್ಪ ಗೋಡೆಗೆ ಮುಖ ಮಾಡಿ ಮಲಗಿದ್ದ. ಭರಮವ್ವ ಅವನ ಹೆಗಲ ಕೆಳಗೆ ಕೈ ಹಾಕಿ, ನಡು ಅಲುಗದಂತೆ, ಇತ್ತ ಹೊರಳಿಸಿದಳು. ಬಾಗಿಲಲ್ಲಿ ನಿಂತವನ ಮುಖದ ಬಣ್ಣ ಬೆವರಿಗೆ ಇಳಿದು, ಕೊರಳಿನ ಮುತ್ತಿನ ಸರ ಹರಿದಿತ್ತು.

"ಯಾರಬೇ ಇಂವ?" ಕೆಂಚಪ್ಪ ಕೇಳಿದ.

"ದಿನಾ ಎತ್ತತಿದ್ದಿಯಲ್ಲ. ಇಂದ್ರ."

ಕೆಂಚಪ್ಪ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದ. ತಲೆಯಿಂದ ಕಾಲಿನವರೆಗೆ ಇನ್ನೊಮ್ಮೆ ನೋಡಿದ. ಹುಕ್ಕೇರಿಯಿಂದ ಮೂಡಲಗಿಯತನಕ ಅವನನ್ನು ಹೊತ್ತಿದ್ದ. ಎಂಥ ಆಳು ಇದ್ದಾನೋ ಎಂದುಕೊಂಡೇ ಹೊತ್ತಿದ್ದ. ಶಿದ್ಲಿಂಗಪ್ಪ ಸುಲಿದ ಅಂಗೈಗಳನ್ನು ಬೆನ್ನ ಹಿಂದೆ ಮಾಡಿಕೊಂಡ.

"ಇಷ್ಟ ಅದಾನ?" ಅಂದ ಕೆಂಚಪ್ಪ. "ಇಷ್ಟ ಸಣ್ಣಾಂವನ ಸಲವಾಗಿ ನನ್ನ ನಡಾ ಹೋತೇನ?"